ಗಟ್ಟಿ ಹಾಲು

ಮೊನ್ನೆ ಗಡಿಯಾಚೆಯ ಉಮರ್ಗಾದ ಬಸ್ ನಿಲ್ದಾಣದಲ್ಲಿ ಚಹಾದವನು ಲೋಟ ಕೈಗಿಡುತ್ತ, "ಏಕದಮ್ ಘಟ್ಟ ದೂಧ್ ಅದ ನೋಡ್ರಿ ಸರ್" ಎಂದ. ಮರಾಠಿಯ ಘಟ್ಟ, ನಮ್ಮ ಗಟ್ಟಿ, ಎರಡೂ ಒಂದೇ. ನೀರು ಹಾಲಿನ ಚಹಾ ಕೊಟ್ಟವರ ಮನೆಗೆ ಮತ್ತೆ ಕಾಲಿಡದಷ್ಟು ನಾಲಿಗೆ ಚಪಲದವನು ನಾನು. ಆದರೂ ಆ ಮಾತು ಕೇಳಿ ಲೋಟ ಕೆಳಗಿಟ್ಟೆ. ತುರೋರಿಯ ಅತ್ತೆ ನೆನಪಾದಳು.

ಅತ್ತೆಗೆ ಇದ್ದದ್ದು ಒಂದೇ ಎಮ್ಮೆ. ಅದರ ಹಾಲು ಮಾರಿಯೇ ಅವಳ ಸಂಸಾರ. ಅವಳು ಹಾಲಿಗೆ ನೀರು ಬೆರೆಸುತ್ತಾಳೆಂದು ಓಣಿಯಲ್ಲಿ ಯಾರೋ ಸುದ್ದಿ ಹಬ್ಬಿಸಿದ್ದರು. ಹಾಲು ಮಾರುವವಳಿಗೆ ಇದಕ್ಕಿಂತ ಕೆಟ್ಟ ಬೈಗುಳ ಇನ್ನೊಂದಿದೆಯೇ, ನೀವೇ ಹೇಳಿ. ಅದೇ ಹೊತ್ತಿಗೆ ಎಮ್ಮೆ ಹಾಲು ಕಡಿಮೆ ಮಾಡಿತು. ಟೆಂಪೋ ಹತ್ತಿಸಿ ದನದ ದವಾಖಾನೆಗೆ ಒಯ್ದಳು.

ಅಲ್ಲಿ ಹೊಸ ತಪಾಸಣೆ ಬಂದಿತ್ತು. ನಾಲ್ಕು ಗುಳಿಯ ತಟ್ಟೆ. ಒಂದೊಂದು ಗುಳಿಗೆ ಒಂದೊಂದು ಮೊಲೆಯ ಹಾಲು ಹಿಂಡಿ, ಔಷಧ ಬೆರೆಸಿ ಅಲುಗಾಡಿಸಿದರೆ ಮುಗಿಯಿತು. ಕೆಚ್ಚಲೊಳಗೆ ಸೋಂಕಿದ್ದರೆ ಹಾಲು ಅಲ್ಲೇ ಲೋಳೆಯಂತೆ ಗಟ್ಟಿಯಾಗುತ್ತದೆ. ಬಾವು ಕಣ್ಣಿಗೆ ಕಾಣುವ ಮೊದಲೇ ರೋಗ ಸಿಕ್ಕಿಬೀಳುತ್ತದೆ. ಒಳ್ಳೆಯ ವಿದ್ಯೆ, ಅದರಲ್ಲಿ ನಾನು ತಪ್ಪು ಹುಡುಕುವುದಿಲ್ಲ.

ಡಾಕ್ಟರು ತಟ್ಟೆ ನೋಡಿ, "ದೂಧ್ ಘಟ್ಟ ಝಾಲಂಯ್, ಮಾವಶೀ. ಉದ್ಯಾ ಇಂಜೆಕ್ಷನ್‌ಲಾ ಯಾ" ಎಂದು ಮುಂದಿನ ದನದ ಕಡೆ ತಿರುಗಿದರು. ಹಾಲು ಗಟ್ಟಿಯಾಗಿದೆ ಚಿಕ್ಕಮ್ಮ, ನಾಳೆ ಸೂಜಿಗೆ ಬನ್ನಿ. ಅಷ್ಟೇ.

ಅತ್ತೆ ಓಣಿಗೆಲ್ಲ ಸಾರಿದಳು: "ಕೇಳ್ರೆವ್ವಾ, ಡಾಕ್ಟರ್ ಸಾಹೇಬ್ರೇ ಹೇಳ್ಯಾರ, ನನ್ನ ಎಮ್ಮಿ ಹಾಲ ಗಟ್ಟಿ ಅವ!" ಸೂಜಿಯ ಮಾತೆತ್ತಿದವರನ್ನು ನೋಡಿ ನಕ್ಕಳಂತೆ: "ಗಟ್ಟಿ ಹಾಲಿನ ಎಮ್ಮಿಗಿ ಸೂಜಿ ಯಾಕ ಬೇಕ್ರೀ?" ಮರುದಿನ ಹೋಗಲೇ ಇಲ್ಲ.

ಕೆಲವೇ ದಿನಗಳಲ್ಲಿ ಕೆಚ್ಚಲು ಕಲ್ಲಾಯಿತು. ಹಾಲಿನ ಬದಲು ಕೀವು, ರಕ್ತ. ಮತ್ತೆ ಒಯ್ದಾಗ ಡಾಕ್ಟರು ಸಿಡುಕಿದರು: "ತೆವ್ಹಾಚ್ ಸಾಂಗಿತಲಂ ಹೋತಂ ನಾ!" ಆಗಲೇ ಹೇಳಿದ್ದೆನಲ್ಲ ಎಂದು. ಹೇಳಿದ್ದು ನಿಜವೇ. ಚಿಟಿಕೆ ಹೊಡೆಯುವಷ್ಟರಲ್ಲಿ ರೋಗ ಪತ್ತೆಹಚ್ಚುವ ಕಾಲ ಬಂತು. ಈ ತಟ್ಟೆಯಲ್ಲಿ ಗಟ್ಟಿ ಎಂದರೆ ರೋಗ ಎಂದು ತಿಳಿಸಿ ಹೇಳುವ ಪುರಸೊತ್ತು ಮಾತ್ರ ಯಾರಿಗೂ ಬರಲಿಲ್ಲ. ಬತ್ತಿದ ಎಮ್ಮೆಯನ್ನು ಸಂತೆಯಲ್ಲಿ ಯಾರು ಕೊಳ್ಳುತ್ತಾರೆ, ಯಾಕೆ ಕೊಳ್ಳುತ್ತಾರೆ ಎಂಬುದು ನಿಮಗೆ ಗೊತ್ತು.

ಮೊನ್ನೆ ಊರಿಗೆ ಹೊರಟವನು ದಾರಿಯಲ್ಲಿ ತುರೋರಿಯಲ್ಲೇ ಇಳಿದುಬಿಟ್ಟೆ. ಅತ್ತೆ ಈಗ ಬೇರೆಯವರ ಕೊಟ್ಟಿಗೆಯಲ್ಲಿ ಸೆಗಣಿ ಬಳಿಯುತ್ತಾಳೆ. ಅವಳನ್ನು ಅಲ್ಲಿ ಕಂಡು ಡಾಕ್ಟರನ್ನು ಬಾಯಿಗೆ ಬಂದಂತೆ ಬೈದೆ.

"ಅವ್ರಿಗಿ ಬೈಬ್ಯಾಡ ತಮ್ಮಾ," ಎಂದಳು ಅತ್ತೆ, ಬುಟ್ಟಿ ಎತ್ತುತ್ತ. "ಅವ್ರು ಖರೇನೇ ಹೇಳಿದ್ರು. ನಾನೇ ಹುಚ್ಚಿ, ಕೇಳಿ ಖುಷಿಪಟ್ಟೆ."