ಧುಪದಾಳದಲ್ಲಿ ಮಾಯವ್ವ ಆಡಿದ ಮಾತು

ಸುಜಾತಾ, ನಿನ್ನ ಅವ್ವನ ಮಾತನ್ನು ಆ ಸಿನಿಮಾದಿಂದ ಅಳಿಸಿದವನು ನಾನು. ನಿರ್ದೇಶಕರಾದ ದಸ್ತಗೀರ ಮಾಸ್ತರರಲ್ಲ. ಅವರೇ ಕತ್ತರಿಸಿದರೆಂದು ನಿನಗೆ ಹೇಳಿದವನೂ ನಾನೇ — ಅದು ಸುಳ್ಳು. ಹದಿನೆಂಟು ವರ್ಷದಿಂದ ಆ ಸುಳ್ಳನ್ನು ಇಟ್ಟುಕೊಂಡು ಗೋಕಾಕದ ನನ್ನ ಅದೇ ವಿಡಿಯೋ ಸ್ಟುಡಿಯೋದಲ್ಲಿ ಕೂತಿದ್ದೇನೆ.

ಈಗ ಯಾಕೆ ಹೇಳುತ್ತಿದ್ದೇನೆಂದರೆ — ಆ ಸಿನಿಮಾವನ್ನು ಹೊಸದಾಗಿ ಡಿವಿಡಿಯಲ್ಲಿ ತರುತ್ತಿರುವ ಬೆಳಗಾವಿಯವರು ಹೋದ ವಾರ ಬಂದಿದ್ದರು. ಡಿಸ್ಕಿನ ಜೊತೆ ಕೊಡುವ ಪುಸ್ತಿಕೆಯ ಕರಡು ತೋರಿಸಿದರು. ಅದರಲ್ಲಿ ನೀನು ಬರೆದದ್ದು ಎರಡೇ ಸಾಲು. ‘ಕೂಲಿ ಹೆಂಗಸಿನ ಮುಖ ನಿರ್ದೇಶಕರಿಗೆ ಬೇಕಾಗಿತ್ತು. ಮಾತು ಬೇಕಾಗಿರಲಿಲ್ಲ.’ ಓದಿ ಕರಡನ್ನು ಅವರ ಕೈಗೆ ಕೊಟ್ಟೆ. ಚಹಾ ತರಿಸಿದೆ.

ನಿನಗೆ ಗೊತ್ತಿಲ್ಲದ್ದನ್ನು ಮೊದಲಿನಿಂದ ಹೇಳುತ್ತೇನೆ. ಮಾಸ್ತರರು ಮೂಡಲಗಿಯ ಸಾಲೆಯಲ್ಲಿ ವಿಜ್ಞಾನ ಕಲಿಸುತ್ತಿದ್ದರು. ಒಂದು ಸಂಜೆ ದೂರದರ್ಶಕ ಹೊತ್ತುಕೊಂಡು ನಿಮ್ಮ ಮಮದಾಪುರಕ್ಕೆ ಬಂದು ಊರಿನವರಿಗೆಲ್ಲ ಚಂದ್ರನನ್ನು ತೋರಿಸಿದರು. ಹೊಲದಿಂದ ಮರಳುತ್ತಿದ್ದ ನಿನ್ನ ಅವ್ವ ಬಗ್ಗಿ ನೋಡಿ, ಕಳೆ ತೆಗೆಯುವ ಕುರ್ಪಿ ಕೈಯಲ್ಲಿಟ್ಟುಕೊಂಡೇ ಕೇಳಿದಳಂತೆ: “ಅಲ್ಲಿ ಯಾರರ ಇದ್ರ ಅವರಿಗೆ ರೊಟ್ಟಿ ಯಾರ್ ಮಾಡಿ ಹಾಕ್ತಾರ್ರಿ?”

ಆ ಪ್ರಶ್ನೆಯಿಂದಲೇ ಸಿನಿಮಾ ಹುಟ್ಟಿತು. ಬೇರೆ ನಕ್ಷತ್ರದಿಂದ ದಾರಿ ತಪ್ಪಿ ಬಂದವನೊಬ್ಬ ಒಂಟಿ ಹೆಂಗಸಿನ ಗುಡಿಸಲಲ್ಲಿ ಒಂದು ಮಳೆಗಾಲ ಕಳೆದು ಹೋಗುವ ಕಥೆ. ಹಾರುವ ವಾಹನವಿಲ್ಲ, ಯುದ್ಧವಿಲ್ಲ. ಮಳೆಗೆ ಹೆದರುವ ಅವನಿಗೆ ಆಕೆ ತನ್ನ ಕಂಬಳಿ ಹೊದಿಸುತ್ತಾಳೆ, ಅಷ್ಟೇ. ಆ ಹೆಂಗಸಿನ ಪಾತ್ರಕ್ಕೆ ಮಾಸ್ತರರು ನಿನ್ನ ಅವ್ವ ಮಾಯವ್ವನನ್ನೇ ಒಪ್ಪಿಸಿದರು. ಕ್ಯಾಮೆರಾ ನನ್ನದು.

ಆಕೆ ಬಾಯಿ ಬಿಟ್ಟು ಮಾತಾಡಬೇಕಿದ್ದುದು ಒಂದೇ ದೃಶ್ಯದಲ್ಲಿ, ಕೊನೆಯದರಲ್ಲಿ, ಧುಪದಾಳದ ಒಡ್ಡಿನ ಹತ್ತಿರ. ಅತಿಥಿ ಹೊರಟಿದ್ದಾನೆ, ಆಕೆ ಅವನನ್ನು ಬೀಳ್ಕೊಡಬೇಕು. ಮಾಸ್ತರರು ಮಾತು ಬರೆದಿರಲಿಲ್ಲ. “ನಿಮಗ ಏನ್ ಅನಸ್ತೈತಿ ಅದನ್ನ ಅನ್ರಿ ಮಾಯವ್ವ,” ಎಂದರು. ನಿನ್ನ ಅವ್ವ ಬಹಳ ಹೊತ್ತು ನೀರು ನೋಡಿದಳು. ಆಮೇಲೆ ಮಾತಾಡಿದಳು. ನೀರಿನ ಭೋರ್ಗರೆತದಲ್ಲಿ ದೂರ ನಿಂತ ಮಾಸ್ತರರಿಗೆ ಆಕೆಯ ತುಟಿ ಮಾತ್ರ ಕಾಣುತ್ತಿತ್ತು. ಎದುರಿಗಿದ್ದ ನಟನಿಗೂ ಅರ್ಧಂಬರ್ಧ. ಸೆರಗಿಗೆ ಸಿಕ್ಕಿಸಿದ್ದ ಮೈಕಿನಿಂದ ಪ್ರತಿ ಮಾತೂ ಸ್ಪಷ್ಟವಾಗಿ ಕೇಳಿದ್ದು ಹೆಡ್‌ಫೋನ್ ಹಾಕಿದ್ದ ನನಗೊಬ್ಬನಿಗೇ. ನಾನು ಅತ್ತೆ, ಸುಜಾತಾ. ಅತ್ತವನು ಆ ಕ್ಯಾಸೆಟ್ಟಿನ ಮೇಲೆ ಒಂದು ಹೆಸರು ಬರೆದಿಡಲಿಲ್ಲ.

ನಾಲ್ಕು ದಿನದ ಮೇಲೆ ಹುಕ್ಕೇರಿಯಲ್ಲೊಂದು ಮದುವೆ. ಖಾಲಿ ಕ್ಯಾಸೆಟ್ ಮುಗಿದವು. ಚೀಲದ ತಳದಲ್ಲಿ ಹೆಸರಿಲ್ಲದ ಒಂದಿತ್ತು — ಧುಪದಾಳದ ಬರೀ ನೀರಿನ ಚಿತ್ರಗಳದ್ದು ಅಂದುಕೊಂಡೆ. ಹಾಕಿ ನೋಡಲು ಎರಡು ನಿಮಿಷ ಬೇಕಿತ್ತು. ಮದುಮಗ ಹಂದರದ ಬಾಗಿಲಿಗೆ ಬಂದಿದ್ದ, ಮಂದಿ ಕೂಗುತ್ತಿದ್ದರು. ಟೇಪನ್ನು ಮೊದಲಿಗೆ ತಿರುಗಿಸಿ ಅದರ ಮೇಲೇ ಮದುವೆ ತುಂಬಿಸಿದೆ.

ಆಮೇಲೆ ಸ್ಟುಡಿಯೋದಲ್ಲಿ ಕೂತು ನೋಡಿದರೆ ಅಕ್ಷತೆ, ಊಟದ ಪಂಕ್ತಿ, ನಗುವ ಬೀಗರು. ಮದುವೆ ಮುಗಿದ ಜಾಗದಲ್ಲಿ ಸ್ವಲ್ಪ ಉಳಿದಿತ್ತು — ಸೆರಗಿನಿಂದ ಮುಖ ಒರೆಸಿಕೊಂಡು, ಬೆನ್ನು ತಿರುಗಿಸಿ ನಡೆದುಹೋಗುವ ನಿನ್ನ ಅವ್ವ. ಮಾತೆಲ್ಲ ಹೋಗಿತ್ತು.

ಮಳೆಯ ತೇವಕ್ಕೆ ಬೂಸು ಹಿಡಿದು ಕ್ಯಾಸೆಟ್ಟಿನ ಕೊನೆಯಷ್ಟೇ ಉಳಿಯಿತೆಂದು ಮಾಸ್ತರರಿಗೆ ಹೇಳಿದೆ. ನಂಬಿದರು. ಮಳೆ ನಿಂತ ಮೇಲೆ ಮತ್ತೆ ತೆಗೆಯೋಣ ಅಂದರು. ಮಳೆ ನಿಲ್ಲುವಷ್ಟರಲ್ಲಿ ಮಾಯವ್ವ ಹಾಸಿಗೆ ಹಿಡಿದಿದ್ದಳು. ಸಿನಿಮಾ ಮೊದಲ ಸಲ ಡಿಸ್ಕಿನಲ್ಲಿ ಬರುವ ಹೊತ್ತಿಗೆ ಆಕೆಯೇ ಇರಲಿಲ್ಲ. ಆ ಬೆನ್ನಿನ ಚಿತ್ರದಿಂದಲೇ ಸಿನಿಮಾ ಮುಗಿಸಿದೆವು. ನೋಡಿದವರು ಕೊನೆಯ ಮೌನವನ್ನು ಹೊಗಳಿದರು. ಹೊಗಳಿದಾಗೆಲ್ಲ ಮಾಸ್ತರರು ನೆಲ ನೋಡುತ್ತಿದ್ದರು. ನಾನೂ —

ನೀನು ಅಂಗಡಿಗೆ ಬಂದದ್ದು ಡಿಸ್ಕ್ ಬಿಡುಗಡೆಯಾದ ಮೂರನೆಯ ದಿನ. ನೀನಾಗ ಇನ್ನೂ ಕಾಲೇಜಿನಲ್ಲಿದ್ದೆ. ಅವ್ವನ ದನಿ ಬೇರೆಲ್ಲೂ ಉಳಿದಿಲ್ಲ, ಅದರಲ್ಲಾದರೂ ಕೇಳೋಣವೆಂದು ಪಕ್ಕದ ಮನೆಯಲ್ಲಿ ಹಾಕಿಸಿ ನೋಡಿದ್ದೆ.

“ಕಾಕಾ, ಧುಪದಾಳದಾಗ ಭಾಳ ಮಾತಾಡೇನಿ ಅಂತಿದ್ಲು ಅವ್ವ. ಅದ ಎಲ್ಲೈತ್ರಿ?”

ನಿಜ ಹೇಳಬಹುದಿತ್ತು. ನಾನು ಹೇಳಿದ್ದು, “ಮಾಸ್ತರ್ ತೆಗಿಸ್ಯಾರವಾ. ಭಾಳ ಉದ್ದ ಆತಂತ.”

ನೀನು ಸಿಟ್ಟಾಗಲಿಲ್ಲ. “ನಮ್ಮವ್ವನ ಮಾತು ಉದ್ದ ಆತೇನ್ರಿ ಅವರಿಗೆ?” ಎಂದಷ್ಟೇ ಕೇಳಿ ಹೊರಟುಹೋದೆ.

ಆಮೇಲೆ ಮಾಸ್ತರರು ನಿನಗೆಂದು ಡಿಸ್ಕ್ ತೆಗೆದುಕೊಂಡು ಮಮದಾಪುರಕ್ಕೆ ಬಂದಾಗ ನೀನು ಬಾಗಿಲು ತೆರೆಯಲಿಲ್ಲ. ವಾಪಸ್ ಬರುವಾಗ ನನ್ನ ಅಂಗಡಿಯ ಕಟ್ಟೆಯ ಮೇಲೆ ಕುಳಿತರು. “ಮಾರುತಿ, ನಾ ಏನ್ ತಪ್ಪ ಮಾಡೇನೋ?” ಎಂದು ಕೇಳಿದರು. ಸಣ್ಣ ವಯಸ್ಸು ಸರ, ಬಿಡ್ರಿ, ಅಂದೆ. ಆ ಮನುಷ್ಯ ಮತ್ತೊಂದು ಸಿನಿಮಾ ಮಾಡಲೇ ಇಲ್ಲ.

ನಿನ್ನೆ ಮೂಡಲಗಿಗೆ ಹೋಗಿದ್ದೆ. ಲಕ್ವಾ ಹೊಡೆದು ಮಾಸ್ತರರಿಗೆ ಒಂದು ವರ್ಷವಾಯಿತು, ನಿನಗೆ ಗೊತ್ತೋ ಇಲ್ಲವೋ. ಮಾತು ಪೂರಾ ನಿಂತಿದೆ. ಮಂಚದ ಪಕ್ಕ ಕೂತು ಎಲ್ಲ ಹೇಳಿದೆ — ಹುಕ್ಕೇರಿಯ ಮದುವೆ, ಬೂಸಿನ ಸುಳ್ಳು, ನಿನಗೆ ಹೇಳಿದ ಸುಳ್ಳು. ಅವರ ಕಣ್ಣಲ್ಲಿ ನೀರು ಬಂತು. ಅವರ ಹೆಂಡತಿ ಒರೆಸುತ್ತ, ಈಗ ಏನು ಕೇಳಿದರೂ ಅವರಿಗೆ ಹೀಗೇ ಆಗುತ್ತದೆ ಎಂದರು. ಅವರಿಗೆ ತಿಳಿಯಿತೋ ಇಲ್ಲವೋ ನನಗೆ ಗೊತ್ತಾಗಲಿಲ್ಲ. ಇನ್ನು ಗೊತ್ತಾಗುವುದೂ ಇಲ್ಲ.

ನಿನ್ನ ಅವ್ವ ಆಡಿದ್ದರಲ್ಲಿ ನನಗೆ ನೆನಪಿರುವುದು ಇಷ್ಟು. ಮೊದಲು ನದಿಯ ಬಗ್ಗೆ ಏನೋ ಅಂದಳು — ಮರೆತಿದ್ದೇನೆ. ಆಮೇಲೆ: “ನೀ ಹೊಂಟಿ ಅಂದ್ರ ಹೋಗಪಾ, ನಾ ಹಿಡಿಯೂದಿಲ್ಲ. ನಮ್ಮ ಸುಜಿಗೂ ಒಂದಿನ ಹಿಂಗ ಹೇಳೂದೈತಿ. ಸಾಲಿ ಕಲ್ತ ಮ್ಯಾಲ ಹೊಲದ ಕಡೆ ತಿರುಗಿ ನೋಡಬ್ಯಾಡವಾ ಅಂತ.” ನಡುವೆ ಬಹಳ ಹೊತ್ತು ಮಾತಾಡಿದಳು. ಒಂದು ಕಡೆ ತಾನೇ ನಕ್ಕಳು. ಯಾವ ಮಾತಿಗೆ ನಕ್ಕಳೆಂದು ಎಷ್ಟು ವರ್ಷದಿಂದ ನೆನೆಯುತ್ತಿದ್ದೇನೆ — ಬರುತ್ತಿಲ್ಲ. ಕೇಳಿದವನು ನಾನೊಬ್ಬನೇ. ನನಗೂ ಬರುತ್ತಿಲ್ಲ.

ಇದನ್ನೇ ಪುಸ್ತಿಕೆಯಲ್ಲಿ ನನ್ನ ಹೆಸರಿನಿಂದ ಅಚ್ಚು ಮಾಡಿರೆಂದು ಬೆಳಗಾವಿಯವರಿಗೆ ಕೊಡುತ್ತಿದ್ದೇನೆ. ಅದಕ್ಕಿಂತ ಮೊದಲು ನೀನು ಓದಬೇಕೆಂದು ಹುಕ್ಕೇರಿಗೆ, ನೀನು ಕಲಿಸುವ ಸಾಲೆಯ ವಿಳಾಸಕ್ಕೆ ಕಳಿಸುತ್ತಿದ್ದೇನೆ. ಕ್ಷಮೆ ಕೇಳುವುದಿಲ್ಲ. ಆದರೆ ಒಮ್ಮೆ ಮೂಡಲಗಿಗೆ ಹೋಗು. ಮಾಸ್ತರರ ಬಲಗೈ ಏಳುವುದಿಲ್ಲ. ಎಡಗೈ ಹಿಡಿದು, ನೀನು ಯಾರೆಂದು ಸ್ವಲ್ಪ ಜೋರಾಗಿ ಹೇಳು.