ಕೆಂಚಿಯ ಜೋತುಬಿದ್ದ ದವಡೆ

ಸೋಮವಾರ ಬೆಳಿಗ್ಗೆ ಕೆಂಚಿ ಓಡಲಿಲ್ಲ.

ಕೆಂಚಿ ನಮ್ಮ ಮೊಲದ ಬೇಟೆಯ ನಾಯಿ. ಸಪೂರ ಮೈ, ಉದ್ದ ಕಾಲು, ಉದ್ದ ಮೂತಿ. ದಿನಾ ಎರಡು ಹೊತ್ತು ಬರಗೂರಿನ ಕಡೆಯ ಬಯಲಲ್ಲಿ ಬಿಟ್ಟು ಓಡಿಸದಿದ್ದರೆ ಕಟ್ಟಿದ ಹಗ್ಗವನ್ನೇ ಕಡಿದು ಹಾಕುತ್ತಿತ್ತು. ಬಯಲಲ್ಲಿ ಅಷ್ಟು ಬಿರುಸು, ಮನೆಯಲ್ಲಿ ಮಹಾ ಮುದ್ದು. ನನ್ನ ಹೆಂಡತಿ ನಾಗಮ್ಮ ಕೂತರೆ ಸಾಕು, ತೊಡೆಯ ಮೇಲೆ ತಲೆ ಇಟ್ಟುಬಿಡುತ್ತಿತ್ತು. ಕಳ್ಳ ಬಂದರೂ ಬಾಲ ಆಡಿಸೋ ನಾಯಿ ಎಂದು ಹಟ್ಟಿಯವರು ನಗುತ್ತಿದ್ದರು.

ಅವತ್ತು ಅದರ ಕೆಳದವಡೆ ಜೋತುಬಿದ್ದಿತ್ತು. ಒಂದೇ ಸಮ ಜೊಲ್ಲು. ದನಿ ಒಡೆದಿತ್ತು. ಮೊಲ ಹಿಡಿದ ನಾಯಿಗೇ ಮೊಲದ ತಲೆ ಕೊಡುವುದು ನಮ್ಮ ಹಟ್ಟಿಯ ಪದ್ಧತಿ. ಹಿಂದಿನ ದಿನವಷ್ಟೇ ಕೆಂಚಿಗೆ ಕೊಟ್ಟಿದ್ದೆ.

“ಮೂಳೆ ಸಿಕ್ಕಾಕ್ಕಂಡದೆ. ಬಾ, ದವಡೆ ಹಿಡ್ಕ,” ಎಂದೆ ನಾಗಮ್ಮನಿಗೆ.

“ದನದ ಡಾಕ್ಟ್ರಿಗೆ ತೋರ್ಸಾಣ ಕಣಯ್ಯ.”

“ಇಷ್ಟಕ್ಕೆಲ್ಲ ಯಾವ ಡಾಕ್ಟ್ರು? ಹಿಡ್ಕ ಅಂದ್ರೆ ಹಿಡ್ಕ.”

ಅವಳು ಹಿಡಿದುಕೊಂಡಳು. ಹೆಬ್ಬೆರಳಲ್ಲಿ ಕುಡುಗೋಲಿನ ಹಸಿ ಗಾಯವಿತ್ತು. ನಾನು ಮಣಿಕಟ್ಟಿನವರೆಗೂ ಕೈ ಹಾಕಿ ತಡಕಿದೆ.

ಮೂಳೆ ಇರಲಿಲ್ಲ.

ಬುಧವಾರ ಕೆಂಚಿ ಸತ್ತಿತು. ಅವತ್ತೇ ಕುರಿಗಳಿಗೆ ಲಸಿಕೆ ಹಾಕಲು ಬಂದಿದ್ದ ದನದ ಡಾಕ್ಟರು ಸಂಗತಿ ಕೇಳಿ ಗಾಬರಿಯಾದರು. “ಬಾಯೊಳಕ್ಕೆ ಕೈ ಹಾಕಿದ್ರಾ? ಮೊದ್ಲು ಸಿರಾ ಆಸ್ಪತ್ರೆಗೆ ಓಡ್ರಿ.”

ಸಿರಾದ ಡಾಕ್ಟರು ರೇಬಿಸ್ ಅಂದರು. ನಾಯಿ ಕಚ್ಚಲೇಬೇಕೆಂದಿಲ್ಲ, ಗಾಯಕ್ಕೆ ಜೊಲ್ಲು ತಾಗಿದರೂ ಸಾಕಂತೆ. ಆ ರೋಗ ಬಂದವರಿಗೆ ಗುಟುಕು ನೀರೂ ಇಳಿಯುವುದಿಲ್ಲವಂತೆ. ಇಬ್ಬರಿಗೂ ಹೊಕ್ಕುಳ ಸುತ್ತ ಹದಿನಾಲ್ಕು ಇಂಜೆಕ್ಷನ್, ದಿನಕ್ಕೊಂದು.

“ನಾಯಿಗೆ ಈಚೆಗೆ ಏನಾದ್ರೂ ಕಚ್ಚಿತ್ತಾ?”

“ಇಲ್ಲ ಸಾರ್.”

ಸುಳ್ಳು. ತಿಂಗಳ ಹಿಂದೆ ಹಳ್ಳದಲ್ಲಿ ಒಂದು ನರಿ ನಮ್ಮನ್ನು ಕಂಡು ಓಡದೆ ನೇರ ಬಂದು ಕೆಂಚಿಯ ಮೂತಿಗೆ ಬಾಯಿ ಹಾಕಿತ್ತು. ಮನುಷ್ಯರಿಗೆ ಹೆದರದ ನರಿ ಎಂಥದ್ದೆಂದು ಕುರಿ ಕಾಯುವ ನನಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಹುಚ್ಚುನರಿ ಕಡಿದ ನಾಯಿಯನ್ನು ಅವತ್ತೇ ಹೊಡೆದು ಹೂಳುವುದು ಹಟ್ಟಿಯ ಕಟ್ಟಳೆ. ನನ್ನಿಂದ ಆಗಲಿಲ್ಲ. ಗಾಯಕ್ಕೆ ಸುಣ್ಣ ಅರಿಶಿನ ಮೆತ್ತಿ, ಮುಳ್ಳು ತರಚಿತು ಎಂದು ಎಲ್ಲರಿಗೂ ಹೇಳಿದ್ದೆ. ದವಡೆ ಜೋತಾಗಲೂ ಮೂಳೆಯೇ ಇರಲಿ ಎಂದು ಹಟ ಹಿಡಿದೆ.

ಕುರಿಗಳನ್ನು ತಮ್ಮನಿಗೆ ಒಪ್ಪಿಸಿ ದಿನಾ ಬಸ್ಸು ಹತ್ತಿದೆವು. ಹೊಟ್ಟೆ ಗಂಟುಗಂಟಾಗಿ ಊದಿತು. ನಾಗಮ್ಮನಿಗೆ ಸೀರೆ ಬಿಗಿಯಾಗಿ ಉಡಲು ಆಗುತ್ತಿರಲಿಲ್ಲ. ಮಗ್ಗುಲಾಗುವಾಗ ಹಲ್ಲು ಕಚ್ಚುತ್ತಿದ್ದಳು. ನೋವು ತಡೆಯಲಾಗದಾಗಲೂ ಕೆಂಚಿ ಪಾಪ ಎಂದೇ ಅಳುತ್ತಿದ್ದಳು. ಅದನ್ನು ಕೇಳಿ ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸುತ್ತಿತ್ತು.

ಹನ್ನೊಂದನೇ ದಿನ ಬಸ್ಸಿನಲ್ಲಿ ಹೇಳಿಬಿಟ್ಟೆ. ನರಿಯ ವಿಷಯ, ಎಲ್ಲ.

ಅವಳು ಎದ್ದು ಹೋಗಿ ಮುಂದಿನ ಸೀಟಿನಲ್ಲಿ ಕೂತಳು. ಮರುದಿನ ಮೊದಲ ಬಸ್ಸಿಗೆ ಒಬ್ಬಳೇ ಹೋದಳು.

ಕೊನೆಯ ಇಂಜೆಕ್ಷನ್ ಆದ ಮೇಲೆ ಆಸ್ಪತ್ರೆಯ ಮೆಟ್ಟಿಲ ಮೇಲೆ ತಾನಾಗಿಯೇ ಮಾತಾಡಿದಳು. “ಅದು ಮೂಕಪ್ರಾಣಿ, ಹೇಳ್ದೆ ಸತ್ತೋಯ್ತು. ನಿಂಗೆ ಬಾಯಿತ್ತಲ್ಲಯ್ಯ.”



ಈಗ ಎಂಟು ತಿಂಗಳಾಯಿತು. ಇಬ್ಬರೂ ಗಟ್ಟಿಯಾಗಿದ್ದೇವೆ. ಸಿರಾದ ಡಾಕ್ಟರನ್ನು, ದನದ ಡಾಕ್ಟರನ್ನು ದಿನಾ ನೆನೆಯುತ್ತೇನೆ. ಭಯ ಮಾತ್ರ ಪೂರ್ತಿ ಹೋಗಿಲ್ಲ. ಬೆಳಿಗ್ಗೆ ನಾಗಮ್ಮ ನೀರಿನ ಚೊಂಬು ಎತ್ತಿದರೆ ನನ್ನ ಕಣ್ಣು ಅವಳ ಗಂಟಲ ಮೇಲೆಯೇ ಇರುತ್ತದೆ. ಅದು ಅವಳಿಗೂ ಗೊತ್ತು.

“ಇಳೀತು ಕಣಯ್ಯ,” ಎನ್ನುತ್ತಾಳೆ, ಚೊಂಬು ನನ್ನ ಮುಂದೆ ಇಟ್ಟು. “ಈಗ ನೀನು ಕುಡಿ, ನಾನು ನೋಡ್ತೀನಿ.”