ಹಗ್ಗ ಹಾಕಿದವರದೇ ಕೊಂಬೆ

ನಮ್ಮ ಮನೆಯಲ್ಲಿ ಗ್ಯಾಸ್ ಇದೆ. ಸ್ನಾನದ ನೀರಿಗೆ ಸೊಸೆ ಕರೆಂಟಿನ ಹಂಡೆ ಹಾಕಿಸಿದ್ದಾಳೆ. ಸೌದೆ ನನಗೆ ಬೇಕಿರಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಯಾರೂ ಪಾಪ ಮುದುಕಿ ಎನ್ನಬಾರದು.

ಊಟಿಯಲ್ಲಿ ನಮ್ಮ ಓಣಿಯ ಮೇಲ್ಗಡೆ ಒಂದು ಕರ್ಪೂರದ ಮರ ಇತ್ತು. ಮೈಸೂರು ಕಡೆಯಿಂದ ಬಂದ ನಾವು ಮೊದಮೊದಲು ಅದನ್ನು ನೀಲಗಿರಿ ಮರ ಎನ್ನುತ್ತಿದ್ದೆವು. ಹೋದ ಮಳೆಗಾಲದಲ್ಲಿ ಅದು ಮನೆಗಳ ಕಡೆಗೆ ವಾಲಿತು. ಈ ಸಲ ಮಳೆ ಹಿಡಿಯುವ ಮೊದಲು ಕಡಿಯಲು ಬಕೆಟ್ ಲಾರಿ ಬಂತು. ಲಾರಿಯ ಬೆನ್ನ ಮೇಲೆ ಉದ್ದನೆಯ ಕಬ್ಬಿಣದ ತೋಳು, ಅದರ ತುದಿಗೆ ಆಳು ನಿಲ್ಲುವ ತೊಟ್ಟಿ. ಬಂದವರು ಇಬ್ಬರು. ಒಬ್ಬ ತೊಟ್ಟಿಯಲ್ಲಿ ಮೇಲೆ ಹೋಗಿ ಮೆಷಿನ್ ಗರಗಸದಿಂದ ಕೊಯ್ಯುವವನು. ಇನ್ನೊಬ್ಬ ಕೆಳಗೆ, ಲಾರಿಯಲ್ಲಿ ತೋಳು ಆಡಿಸುವ ಹಿಡಿಗಳ ಹತ್ತಿರ ನಿಲ್ಲುವವನು. ಮೇಲಿನವನಿಗೆ ಏನಾದರೂ ಆದರೆ ತೋಳನ್ನು ಇಳಿಸಬೇಕಾದವನು ಅವನೇ.

ಕೆಳಗಿನವನು ಲಾರಿಯ ಕಬ್ಬಿಣದ ಕಾಲುಗಳನ್ನು ಚಾಚಿ, ಮಣ್ಣು ಮೆತ್ತಗಿದೆ ಎಂದು ಅಡಿಗೆ ಹಲಗೆ ಕೊಟ್ಟ. ಸುತ್ತ ಕೆಂಪು ಪಟ್ಟಿ ಕಟ್ಟಿದ. ನಾವು ಹೆಂಗಸರು ಆಗಲೇ ಹಗ್ಗ, ಕುಡುಗೋಲು ಹಿಡಿದು ಕೂತಿದ್ದೆವು.

"ನಾನು ಸೀಟಿ ಊದೋವರ್ಗೂ ಯಾರೂ ಪಟ್ಟಿ ದಾಟ್ಬಾರ್ದು. ಗರಗಸ ನಿಂತ್ರೂ ದಾಟ್ಬಾರ್ದು. ಪಾಟಿ, ನಿಮ್ಗೂ ಸೇರ್ಸಿನೇ ಹೇಳ್ತಿರೋದು," ಅಂದ ಕೆಳಗಿನವನು. ಅಜ್ಜಿಯನ್ನು ಇಲ್ಲಿ ಎಲ್ಲರೂ ಪಾಟಿ ಎಂದೇ ಕರೆಯುವುದು.

"ನೀ ಹುಟ್ಟಕ್ ಮುಂಚಿಂದ ಸೌದೆ ಹೊತ್ತಿವ್ನಿ, ಹೋಗಪ್ಪ," ಅಂದೆ.

ಮೇಲೆ ಹೋಗುವವನು ಸೊಂಟಕ್ಕೂ ಹೆಗಲಿಗೂ ಬೆಲ್ಟು ಬಿಗಿದು, ಅದರ ಕೊಂಡಿಯನ್ನು ತೊಟ್ಟಿಗೆ ಸಿಕ್ಕಿಸುತ್ತಿದ್ದ. "ಮಗ ತೊಟ್ಲಿಂದ ಬಿದ್ದೋಯ್ತದ ಅಂತ ಕಟ್ಟವ್ರಾ?" ಅಂದೆ. ಹೆಂಗಸರು ನಕ್ಕರು. ಅವನೂ ನಕ್ಕ.

ನಮ್ಮ ಓಣಿಯಲ್ಲಿ ಒಂದು ಕಟ್ಟಳೆ. ಬಿದ್ದ ಕೊಂಬೆಗೆ ಯಾರು ಮೊದಲು ಹಗ್ಗ ಹಾಕುತ್ತಾರೋ ಕೊಂಬೆ ಅವರದು, ಆಮೇಲೆ ಜಗಳವಿಲ್ಲ. ಪಕ್ಕದ ಮನೆಯವಳು ನನಗಿಂತ ಚಿಕ್ಕವಳು, ಕಾಲು ಚುರುಕು. ಈಚೆಗೆ ಒಳ್ಳೆಯದನ್ನೆಲ್ಲ ಅವಳೇ ಹೊಡೆಯುತ್ತಿದ್ದಳು. "ಅಕ್ಕಂಗೆ ವಯಸ್ಸಾಯ್ತು ಕನ, ನಾವೇ ಒಂದ್ ಹೊರೆ ಕೊಡವ," ಅಂದಳು ಅವತ್ತು. ನನಗೆ ಉರಿಯಿತು.

ತೊಡೆ ಗಾತ್ರದ ಒಂದು ಕೊಂಬೆ ಬಿತ್ತು. ಸ್ವಲ್ಪ ಹೊತ್ತಿಗೆ ಗರಗಸ ನಿಂತಿತು. ಸೀಟಿ ಆಗಲಿಲ್ಲ. ಆಗಲಿಲ್ಲ ಎನ್ನುವುದು ನನಗೆ ಗೊತ್ತಿತ್ತು. ಪಟ್ಟಿಯ ಕೆಳಗೆ ಬಗ್ಗಿ ಹೋಗಿ ಕೊಂಬೆಗೆ ಹಗ್ಗ ಸುತ್ತಿದೆ.

ಮೇಲಿನವನು ಗರಗಸ ನಿಲ್ಲಿಸಿದ್ದು ತೊಟ್ಟಿಯ ಜಾಗ ಬದಲಿಸಲು. ನನ್ನ ತಲೆಯ ನೇರಕ್ಕೆ ಅರ್ಧ ಕೊಯ್ದ ಇನ್ನೊಂದು ಕೊಂಬೆ ನಿಂತಿತ್ತು. ಮೇಲಿನಿಂದ ಕೂಗಿದ. ಕೆಳಗಿನವನು ಹಿಡಿ ಬಿಟ್ಟು ಓಡಿ ಬಂದು ನನ್ನ ರಟ್ಟೆ ಹಿಡಿದು ಎಳೆದ. ನಾನು ಹಗ್ಗ ಬಿಡಲಿಲ್ಲ. "ಬಿಡಿ ಪಾಟಿ, ಬಿಡಿ," ಅಂತ ಅವನು, "ನನ್ ಹಗ್ಗ ಕನ," ಅಂತ ನಾನು. ಅಷ್ಟರಲ್ಲಿ ಮೇಲೆ ಲಟಲಟ ಎಂದಿತು. ಕೊಂಬೆ ನನ್ನ ಮೇಲೆ ಬೀಳದಿರಲಿ ಎಂದು ಮೇಲಿನವನು ತೊಟ್ಟಿಯಲ್ಲೇ ಇದ್ದ ಹಿಡಿ ತಿರುಗಿಸಿ, ತೊಟ್ಟಿಯನ್ನೇ ಅದಕ್ಕೆ ಒತ್ತಿ ಆಚೆ ತಳ್ಳಿದನಂತೆ. ಕೊಂಬೆ ಆಚೆ ಬಿತ್ತು, ಬೀಳುವಾಗ ತೊಟ್ಟಿಯನ್ನು ಜಗ್ಗಿ ಅವನನ್ನು ಹೊರಕ್ಕೆ ಎಸೆಯಿತು. ನಾನು ತಲೆಯೆತ್ತಿದಾಗ ಅವನು ಬೆಲ್ಟಿನಲ್ಲಿ ನೇತಾಡುತ್ತಿದ್ದ. ಕಾಲುಗಳು ಗಾಳಿಯನ್ನು ಒದೆಯುತ್ತಿದ್ದವು. ಅವನನ್ನು ಇಳಿಸುವ ಹಿಡಿಯ ಹತ್ತಿರ ಯಾರೂ ಇರಲಿಲ್ಲ. ಇರಬೇಕಾದವನ ಕೈಯಲ್ಲಿ ನಾನಿದ್ದೆ.

ಅವನು ನನ್ನನ್ನು ಮಣ್ಣಿಗೆ ತಳ್ಳಿ ಓಡಿದ. ಸರಿಯಾಗಿಯೇ ಮಾಡಿದ. ತೋಳು ನಿಧಾನಕ್ಕೆ ಇಳಿಯಿತು. ಇಳಿದವನು ಪಕ್ಕೆ ಹಿಡಿದು ಕೂತ, ತುಟಿ ಬೆಳ್ಳಗಾಗಿತ್ತು. ಯಾರೋ ನೀರು ಕೊಟ್ಟರು. ಒಂದು ಗುಟುಕು ಕುಡಿದು ನನ್ನ ಕಡೆ ನೋಡಿ, "ಮಗೂನ ಕಟ್ಟಿದ್ದು ಒಳ್ಳೇದಾಯ್ತು ಪಾಟಿ," ಅಂದ. ಈ ಸಲ ಯಾರೂ ನಗಲಿಲ್ಲ. ಆಸ್ಪತ್ರೆಗೆ ಕರೆದೊಯ್ದರು. ಪಕ್ಕೆಲುಬು ಬಿರುಕು ಬಿಟ್ಟಿತ್ತಂತೆ.

ಸಂಜೆ ಪಕ್ಕದ ಮನೆಯವಳು ಇನ್ನೊಬ್ಬಳ ಜೊತೆ ಸೇರಿ ಆ ಕೊಂಬೆಯನ್ನು ನನ್ನ ಬಾಗಿಲಿಗೆ ತಂದು ಹಾಕಿದಳು. ಹಗ್ಗ ಹಾಗೆಯೇ ಸುತ್ತಿಕೊಂಡಿತ್ತು.

"ನೀನೇ ಇಟ್ಕೊ," ಅಂದೆ.

"ಅದೆಂಗಾದದು ಅಕ್ಕ, ಹಗ್ಗ ನಿಂದು," ಅಂದು ಹೋದಳು. ಬೈದಿದ್ದರೆ ನಾನೂ ಬೈಯುತ್ತಿದ್ದೆ.

ಆ ವಾರವೇ ಉಳಿದ ಮರಕ್ಕೆ ಲಾರಿ ಮತ್ತೆ ಬಂತು. ತೊಟ್ಟಿಯಲ್ಲಿ ಬೇರೆಯವನು. ಕೆಳಗಿನವನು ಅವನೇ. ಹಲಗೆ ಕೊಟ್ಟ, ಪಟ್ಟಿ ಕಟ್ಟಿದ, ಆದರೆ ಕೆಲಸ ಶುರು ಮಾಡಿಸಲಿಲ್ಲ. ನಾನು ನಮ್ಮ ಹೊಸ್ತಿಲ ಮೇಲೆ ನಿಂತಿದ್ದೆ.

"ಪಾಟಿ ಒಳ್ಗೆ ಹೋಗ್ಲಿ. ಆಮೇಲೆ ಮರ."

"ಇಲ್ಲೇ ನಿಂತ್ಕತೀನಿ ಕನಪ್ಪ. ಹಗ್ಗನೂ ಇಲ್ಲ ನೋಡು."

"ಒಳ್ಗೆ. ಅಗುಳಿ ಹಾಕೋ ಸದ್ದು ನಂಗೆ ಕೇಳ್ಬೇಕು."

ಓಣಿಯೆಲ್ಲ ನನ್ನನ್ನೇ ನೋಡುತ್ತಿತ್ತು. ಸೊಸೆಯೂ ನೋಡುತ್ತಿದ್ದಳು. ಒಳಗೆ ಹೋಗಿ ಅಗುಳಿ ಹಾಕಿದೆ. ಗರಗಸ ಶುರುವಾಗಲಿಲ್ಲ. ಸದ್ದು ಅವನಿಗೆ ಕೇಳಿಸಲಿಲ್ಲವೇನೋ ಎಂದು ಅಗುಳಿ ತೆಗೆದು, ಇನ್ನೊಂದು ಸಲ ಜೋರಾಗಿ ಹಾಕಿದೆ. ಆಗ ಶುರುವಾಯಿತು.